ಸರ್ವೆ ನಂಬರಿನಲ್ಲಿ ಸಿಗದ ಪತ್ರ ತಾತನ ಹೆಸರಿನಲ್ಲಿ ಸಿಕ್ಕಿತು

ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ನಮ್ಮ ಮನೆತನಕ್ಕೆ ಇರುವುದು ಒಂದೂವರೆ ಎಕರೆ ಗದ್ದೆ. 60 ಗುಂಟೆ. ತಾತ 1983ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ಮೇಲೆ ದೊಡ್ಡಪ್ಪ ಮತ್ತು ಅಪ್ಪ ಊರಿನ ಹಿರಿಯರನ್ನು ಕೂರಿಸಿಕೊಂಡು ಪಾಲುಪಟ್ಟಿ ಬರೆಸಿಕೊಂಡರು. ಅದನ್ನು ರಿಜಿಸ್ಟರ್ ಮಾಡಿಸಲಿಲ್ಲ. ಹಾಗಾಗಿ ಪಹಣಿಯ 9ನೇ ಕಾಲಂನಲ್ಲಿ ಮೊನ್ನೆ ಮೊನ್ನೆವರೆಗೂ ತಾತನ ಹೆಸರೇ ಇತ್ತು. ದೊಡ್ಡಪ್ಪನ ಮಗ, ನಮ್ಮಣ್ಣ, ಬೆಳೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ, ಈ ಖಾತೆದಾರರು ಎಲ್ಲಿ ಅಂತ.

ಸರಿ, ಈ ಸಲ ವಿಭಾಗಪತ್ರ ಮಾಡಿಸಿ ರಿಜಿಸ್ಟರ್ ಮಾಡಿಸೋಣ ಅಂತ ಎಲ್ಲರೂ ಒಪ್ಪಿದರು. ವಕೀಲರು ಮೂಲಪತ್ರ ತನ್ನಿ ಅಂದರು. ಜಮೀನು ತಾತನಿಗೆ ಹೇಗೆ ಬಂತು ಅಂತ ಗೊತ್ತಾಗಬೇಕು ಅಲ್ವಾ? ಮನೆಯಲ್ಲಿ ಎಲ್ಲರ ಉತ್ತರ ಒಂದೇ, ಅದು ಪಿತ್ರಾರ್ಜಿತ, ಮುತ್ತಾತನ ಕಾಲದ್ದು. ಆದರೆ ಒಂದು ಚೂರು ಕಾಗದವೂ ಇರಲಿಲ್ಲ. ಟ್ರಂಕು, ಅಟ್ಟ, ಹಳೇ ಕಂದಾಯ ರಸೀತಿಗಳ ಕಟ್ಟು, ಎಲ್ಲ ಜಾಲಾಡಿದೆವು.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದೆ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನಿನಲ್ಲೇ ಸಿಗುತ್ತದೆ, ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟೆ. ಎರಡಕ್ಕೂ ನಮೂನೆ 16 ಬಂತು. ಅಂದರೆ ಕೇಳಿದ ಅವಧಿಯಲ್ಲಿ, ಕೇಳಿದ ಸರ್ವೆ ನಂಬರಿಗೆ ಯಾವ ವ್ಯವಹಾರವೂ ನೋಂದಣಿಯಾಗಿಲ್ಲ. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ನೋಡು, ಹೇಳಲಿಲ್ವಾ, ಪಿತ್ರಾರ್ಜಿತವೇ ಅಂದರು.

ನನಗೆ ಮಾತ್ರ ಸಮಾಧಾನ ಆಗಲಿಲ್ಲ. ನಾನು ಕೇಳಿದ್ದು 58/2. ಈ ಬಾರು ಎರಡು ಅನ್ನುವುದು ಪೋಡಿ ಆದಮೇಲೆ, ಅಂದರೆ ಒಂದು ಸರ್ವೆ ನಂಬರನ್ನು ಅಳೆದು ಭಾಗ ಮಾಡಿದ ಮೇಲೆ, ಬಂದ ಹಿಸ್ಸಾ ನಂಬರು. ಅದಕ್ಕೂ ಮೊದಲು ಬರೆದ ಪತ್ರದಲ್ಲಿ ಸುಮ್ನೆ "58ರ ಪೈಕಿ" ಅಂತ ಇದ್ದರೆ? ಆಫೀಸಿನ ಹೊರಗೆ ಮರದ ಕೆಳಗೆ ಕೂರುವ ವಯಸ್ಸಾದ ಪತ್ರ ಬರಹಗಾರರೊಬ್ಬರನ್ನು ಕೇಳಿದೆ. ಅವರು, "ನಂಬರ್ ಬುಡಿ, ನಿಮ್ಮ ತಾತನ ಹೆಸ್ರಲ್ಲಿ ಹುಡುಕ್ಸಿ" ಅಂದರು.

ಇದು ನನಗೆ ಗೊತ್ತೇ ಇರಲಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ಪತ್ರಕ್ಕೆ ಎರಡು ಸೂಚಿ ಬರೆಯುತ್ತಾರೆ. ಒಂದು ಸೂಚಿ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು, ಇನ್ನೊಂದು ಆಸ್ತಿಯದು. ಕ್ರಯ, ದಾನ, ವಿಭಾಗ ಇಂಥ ಪತ್ರಗಳ ನಕಲು ಇರುವುದು 1ನೇ ಪುಸ್ತಕದಲ್ಲಿ. ಶುಲ್ಕ ಕಟ್ಟಿದರೆ ಆ ಪುಸ್ತಕವನ್ನೂ ಅದರ ಸೂಚಿಯನ್ನೂ ಯಾರು ಬೇಕಾದರೂ ನೋಡಬಹುದು. ಉಯಿಲು 3ನೇ ಪುಸ್ತಕಕ್ಕೆ ಹೋಗುತ್ತದೆ, ಅದಕ್ಕೆ ಬೇರೆ ನಿಯಮ.

ಹೆಸರಿನಲ್ಲಿ ಹುಡುಕುವುದೂ ಸುಲಭ ಅಂದುಕೊಳ್ಳಬೇಡಿ. ಕೆಂಪಯ್ಯ ಒಂದು ಕಡೆ ಕೆಂಪೇಗೌಡ ಆಗಿರುತ್ತಾರೆ, ಊರಲ್ಲಿ ಕರೆಯುವ ಹೆಸರಿದ್ದರೆ ನಡುವೆ ಒಂದು "ಉರುಫ್" ಬಂದಿರುತ್ತದೆ. ಹಾಗಾಗಿ ಬಿನ್ (ಇಂಥವರ ಮಗ) ಅನ್ನುವುದರ ಮುಂದಿರುವ ತಂದೆ ಹೆಸರನ್ನೂ ಊರನ್ನೂ ಕೂಡಿಸಿಯೇ ನೋಡಬೇಕು. 1950ರಿಂದ ಶುರುಮಾಡಿ ಒಂದೊಂದೇ ವರ್ಷ ನೋಡಿಸುತ್ತಾ ಹೋದೆ. 1961ರಲ್ಲಿ ಸಿಕ್ಕಿತು. ತಾತನ ಹೆಸರು, ಮುತ್ತಾತನ ಹೆಸರು, ನಮ್ಮೂರು. ಎದೆ ಹೊಡೆದುಕೊಳ್ಳತೊಡಗಿತು.

ದೃಢೀಕೃತ ನಕಲು ಕೈಗೆ ಬಂದಾಗ ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. "ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೆಂತೆಂದರೆ" ಅಂತ ಶುರು. ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಲ್ಲವೂ ಸೇರಿ ಕೊಟ್ಟಿದ್ದೇನೆ ಅನ್ನುವ ಸಾಲು. ಕೊನೆಯಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ. ಪಶ್ಚಿಮಕ್ಕೆ ಇರ್ವಿನ್ ನಾಲೆಯ ಕಿರುಗಾಲುವೆ ಅಂತ ಇತ್ತು. ಇರ್ವಿನ್ ನಾಲೆ ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಗದ್ದೆಗೆ ಇವತ್ತಿಗೂ ನೀರು ಬರುವುದು ಅದೇ ಕಿರುಗಾಲುವೆಯಿಂದ. ಸರ್ವೆ ನಂಬರಿನ ಜಾಗದಲ್ಲಿ 58ರ ಪೈಕಿ ಒಂದೂವರೆ ಎಕರೆ ಅಂತಲೇ ಇತ್ತು.

ಅಂದರೆ ಇದು ತಾತ ದುಡ್ಡು ಕೊಟ್ಟು ಕೊಂಡ ಜಮೀನು. ಮುತ್ತಾತನಿಂದ ಬಂದದ್ದಲ್ಲ. ಆಲೆಮನೆಯಲ್ಲಿ ದುಡಿದು ಕೂಡಿಟ್ಟ ದುಡ್ಡಿರಬೇಕು ಅಂತ ಅಪ್ಪ ಆಮೇಲೆ ನೆನಪು ಮಾಡಿಕೊಂಡರು.

ವಕೀಲರು ನಕಲು ಓದಿ ಕೇಳಿದರು, "ನಿಮ್ಮ ತಾತನಿಗೆ ಹೆಣ್ಣುಮಕ್ಕಳು ಎಷ್ಟು?" ಒಬ್ಬರು, ನಮ್ಮ ಅತ್ತೆ. ಮಳವಳ್ಳಿ ಕಡೆಗೆ ಕೊಟ್ಟಿದ್ದು. ಪಾಲುಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ತಾತ ಉಯಿಲು ಬರೆದಿಲ್ಲ, ಜಮೀನು ಸ್ವಯಾರ್ಜಿತ. ಹಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಹೆಣ್ಣುಮಕ್ಕಳ ಹಕ್ಕು ಅಂದ ತಕ್ಷಣ ಎಲ್ಲರೂ 2005ರ ತಿದ್ದುಪಡಿ ಅನ್ನುತ್ತಾರೆ. ಅದು ಪಿತ್ರಾರ್ಜಿತಕ್ಕೆ. ಇಲ್ಲಿ ತಾತ ತೀರಿಕೊಂಡ ದಿನದಿಂದಲೇ ಅತ್ತೆಗೆ ಪಾಲಿತ್ತು. ಅಜ್ಜಿಯೂ ಈಗಿಲ್ಲ, ಹಾಗಾಗಿ ಮೂವರಿಗೂ 20 ಗುಂಟೆ.

ದೊಡ್ಡಪ್ಪ ಮೊದಲು ಒಪ್ಪಲಿಲ್ಲ. ಪತ್ರದಲ್ಲೇ ಇದೆಯಲ್ಲ, "ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರುವುದು" ಅಂತ, ಪುತ್ರಿ ಅಂತ ಎಲ್ಲಿದೆ ಅಂದರು. ಅದು ಆಗಿನ ಪತ್ರಗಳಲ್ಲಿ ಬರೆಯುತ್ತಿದ್ದ ವಾಡಿಕೆಯ ಮಾತು, ವಾರಸುದಾರರನ್ನು ನಿಗದಿ ಮಾಡುವುದು ಕಾನೂನು ಅಂತ ವಕೀಲರು ತಾಳ್ಮೆಯಿಂದ ಹೇಳಿದರು. ಎರಡು ವಾರ ಮನೆಯಲ್ಲಿ ಮಾತುಕತೆ ನಡೆಯಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನಗೆ ಅನ್ನಿಸಿದ್ದು ಇಷ್ಟೇ, ಆ ನಮೂನೆ 16 ನಂಬಿಕೊಂಡು ಸುಮ್ಮನಾಗಿದ್ದರೆ ಅತ್ತೆಯ 20 ಗುಂಟೆಯನ್ನು ನಾವೇ ಕೈಯಾರೆ ಅಳಿಸಿಬಿಡುತ್ತಿದ್ದೆವು. ಅತ್ತೆ ಯಾವತ್ತೂ ಬಾಯಿಬಿಟ್ಟು ಕೇಳಿದವರಲ್ಲ. ಕೇಳದಿದ್ದರೆ ಹಕ್ಕು ಇಲ್ಲ ಅಂತ ಆಗುತ್ತದಾ?

ಆಮೇಲಿನ ಕೆಲಸ ಬೇಗ ಆಯಿತು. ಜಮೀನಿನ ಭಾಗಗಳನ್ನು ತೋರಿಸುವ 11ಇ ಸರ್ವೆ ನಕ್ಷೆಗೆ ಅರ್ಜಿ, ಸರ್ವೆಯರ್ ಬಂದು ಅಳತೆ, ವಿಭಾಗಪತ್ರದ ಕರಡು. ನಾಲ್ಕು ಸಲ ಓದಿದೆವು. ನೋಂದಣಿ ದಿನ ಮೂವರೂ ಫೋಟೋ ಕೊಟ್ಟು, ಹೆಬ್ಬೆಟ್ಟು ಒತ್ತಿ, ಸಹಿ ಹಾಕಿದರು. ಇಬ್ಬರು ಸಾಕ್ಷಿ. ಆಫೀಸಿನಿಂದ ನೋಂದಣಿಯ ವಿವರ ಇರುವ ಜೆ ಸ್ಲಿಪ್, ಪಹಣಿಗಳಿರುವ ಭೂಮಿ ತಂತ್ರಾಂಶಕ್ಕೆ ಹೋಗಿ ಮ್ಯುಟೇಶನ್‌ಗೆ, ಅಂದರೆ ಖಾತೆ ಬದಲಾವಣೆಗೆ, ನಂಬರು ಬಿತ್ತು.

ಕರಡು ಓದುವಾಗ ಅತ್ತೆ ಒಂದೇ ಒಂದು ತಿದ್ದುಪಡಿ ಹೇಳಿದ್ದರು. ಬರಹಗಾರರು ಅವರ ಹೆಸರಿನ ಮುಂದೆ ಬರೀ ಕೋಂ (ಇಂಥವರ ಹೆಂಡತಿ) ಹಾಕಿ ಗಂಡನ ಹೆಸರು ಬರೆದಿದ್ದರು. "ನಮ್ಮಪ್ಪನ ಹೆಸರೂ ಬರೀರಿ, ನಾಳೆ ನನ್ನ ಮಕ್ಕಳು ಹುಡುಕಿದ್ರೆ ಸಿಗಬೇಕಲ್ಲ" ಅಂದರು. ಹಾಗೇ ಬರೆಸಿದೆವು, ಇಂಥವರ ಮಗಳು, ಇಂಥವರ ಕೋಂ ಅಂತ.