ಬಂದವರಿಂದ ತಪ್ಪಿಸಿಕೊಳ್ಳುತ್ತಿದ್ದವರ ಮನೆಗೆ

15 ಜೂನ್ 2024, ಶನಿವಾರ

ಬೆಳಗಿನಿಂದ ಮೋಡ ಕವಿದಿದ್ದರೂ ಮಗಳು ಎರಡು ಕೊಡೆ ಕೊಟ್ಟು ಧೈರ್ಯ ಹೇಳಿದ್ದರಿಂದ, ನಾನೂ ನನ್ನ ಪತ್ನಿಯೂ ಲಂಡನ್ನಿನ ಬ್ರಾಮ್ಲಿಯಿಂದ 146ನೇ ನಂಬರಿನ ಬಸ್ಸು ಹಿಡಿದು ಡೌನ್ ಎಂಬ ಹಳ್ಳಿಗೆ ಹೋಗಿ, ಚಾರ್ಲ್ಸ್ ಡಾರ್ವಿನ್ ಅವರ ಮನೆಯನ್ನು ನೋಡಿಕೊಂಡು ಬಂದೆವು. ಬಹಳ ವರ್ಷ ಹೈಸ್ಕೂಲಿನ ಮಕ್ಕಳಿಗೆ ಜೀವವಿಜ್ಞಾನ ಹೇಳಿಕೊಟ್ಟ ನನಗೆ ಇದು ತೀರ್ಥಯಾತ್ರೆಗೆ ಸಮ. ಮಂಡಿನೋವಿನ ಪತ್ನಿಗಾದರೋ ಎಷ್ಟು ಮೆಟ್ಟಿಲು ಹತ್ತಬೇಕು, ಎಲ್ಲಿ ಕುಳಿತುಕೊಳ್ಳಬಹುದು, ಶೌಚಾಲಯ ಎಷ್ಟು ದೂರ ಎಂಬುದೇ ಚಿಂತೆ. ಇಂದು ಆ ಮನೆಯನ್ನು ನಾನು ಬಹುಮಟ್ಟಿಗೆ ಅವಳ ಕಣ್ಣಿನಿಂದಲೇ ನೋಡಿದೆ.

ಬಸ್ಸು ಗಂಟೆಗೊಂದು. ಲಂಡನ್ನಿನ ಬ್ರಾಮ್ಲಿ ಆಡಳಿತಕ್ಕೇ ಸೇರಿದ್ದರೂ ಡೌನ್ ತಲುಪುವ ಹೊತ್ತಿಗೆ ನಗರ ಎಲ್ಲೋ ಹಿಂದುಳಿದು, ಬೇಲಿಗಳ ನಡುವಿನ ಕಿರುರಸ್ತೆ ಮಾತ್ರ ಇರುತ್ತದೆ. ಡಾರ್ವಿನ್ 1842ರ ಸೆಪ್ಟೆಂಬರಿನಲ್ಲಿ ಸಂಸಾರದೊಡನೆ ಇಲ್ಲಿಗೆ ಬಂದದ್ದೂ ಈ ನಿಶ್ಶಬ್ದಕ್ಕಾಗಿಯೇ. ಅದೂ ಸಾಲದೆ, ದಾರಿಹೋಕರ ಕಣ್ಣಿಗೆ ತಾವು ಬೀಳಬಾರದೆಂದು ಮನೆಯ ಮುಂದಿನ ರಸ್ತೆಯನ್ನೇ ಸುಮಾರು ಎರಡು ಅಡಿ ಅಗೆಸಿ ತಗ್ಗಿಸಿ, ಗೋಡೆ ಕಟ್ಟಿಸಿದರು. ಅಧ್ಯಯನ ಕೊಠಡಿಯ ಕಿಟಕಿಯ ಹೊರಗೆ ಒಂದು ಕನ್ನಡಿಯನ್ನೂ ಹಾಕಿಸಿಕೊಂಡಿದ್ದರು. ಬರುತ್ತಿರುವವರು ಯಾರೆಂದು ಒಳಗಿನಿಂದಲೇ ನೋಡಿ, ಬೇಡವಾದವರಾದರೆ ಮರೆಯಾಗಲು ಅದು ಅನುಕೂಲವಾಗಿತ್ತು. ಅಂಥವರ ಮನೆಗೆ ಟಿಕೆಟ್ ಕೊಂಡು ಒಳಗೆ ಹೋಗುವಾಗ ನನಗೆ ತುಸು ಸಂಕೋಚವೇ ಆಯಿತು.

ಡಾರ್ವಿನ್ 1882ರಲ್ಲಿ ತೀರಿಕೊಂಡ ಮೇಲೆ ಈ ಮನೆ ಕೆಲಕಾಲ ಹುಡುಗಿಯರ ಶಾಲೆಯೂ ಆಗಿತ್ತು. ಬಕ್‌ಸ್ಟನ್ ಬ್ರೌನ್ ಎಂಬ ಶಸ್ತ್ರವೈದ್ಯರು 1927ರಲ್ಲಿ ಇದನ್ನು ಕೊಂಡು ರಾಷ್ಟ್ರಕ್ಕೆ ಉಳಿಸಿಕೊಟ್ಟರು; 1929ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1996ರಿಂದ, ಇಂಗ್ಲೆಂಡಿನ ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಸುಪರ್ದಿನಲ್ಲಿದೆ.

ನನಗೆ ಬಹಳ ಹಿಡಿಸಿದ್ದು ಒಂದು ವ್ಯವಸ್ಥೆ. ವಿವರಣೆಯ ಪ್ರದರ್ಶನವನ್ನೆಲ್ಲ ಮಹಡಿಗೆ ಸಾಗಿಸಿ, ಕೆಳಗಿನ ಕೋಣೆಗಳನ್ನು ಹಳೆಯ ಛಾಯಾಚಿತ್ರಗಳ ಆಧಾರದಿಂದ ಸಂಸಾರದ ಮನೆಯಾಗಿಯೇ ಇರಿಸಿದ್ದಾರೆ. ಹೇಳಬೇಕಾದದ್ದನ್ನು ಕೈಯಲ್ಲಿ ಹಿಡಿದುಕೊಳ್ಳುವ ಒಂದು ಸಣ್ಣ ಯಂತ್ರ ಕಿವಿಯಲ್ಲಿ ಹೇಳುತ್ತದೆ. ಅದರಲ್ಲಿ ಟೀವಿಯ ಪ್ರಕೃತಿ ಚಿತ್ರಗಳಿಂದ ಹೆಸರಾದ ಡೇವಿಡ್ ಅಟೆನ್‌ಬರೋ ಅವರ ದನಿಯೂ ಇದೆ. ಪತ್ನಿಗೆ ಆ ಇಂಗ್ಲಿಷಿನ ವೇಗ ಹಿಡಿಯದ್ದರಿಂದ, ನಾನು ಕೇಳಿಸಿಕೊಂಡು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಪಾಠ ಹೇಳುವ ಹಳೆಯ ಚಾಳಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಹಳೆಯ ಅಧ್ಯಯನ ಕೊಠಡಿಯ ಮುಂದೆ ನಾವು ಬಹಳ ಹೊತ್ತು ನಿಂತೆವು. 1859ರಲ್ಲಿ ಜಗತ್ತನ್ನೇ ಕದಲಿಸಿದ, ಜೀವವಿಕಾಸವನ್ನು ಕುರಿತ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥ ಸಿದ್ಧವಾದದ್ದು ಇಲ್ಲಿ. ಅವರು ಮೇಜಿನ ಮೇಲಲ್ಲ, ತೋಳುಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಎದ್ದು ಓಡಾಡುವ ಶ್ರಮ ತಪ್ಪಲೆಂದು ಕುರ್ಚಿಯ ಕಾಲುಗಳಿಗೆ ಚಕ್ರ ಹಾಕಿಸಿದ್ದರು. ವರ್ಷಗಟ್ಟಲೆ ವಾಂತಿ, ಹೊಟ್ಟೆನೋವುಗಳಿಂದ ನರಳಿದವರಾದ್ದರಿಂದ ಕೋಣೆಯ ಒಂದು ಮೂಲೆಯನ್ನೇ ಮರೆಮಾಡಿ ಬಚ್ಚಲಿನಂತೆ ಬಳಸಿಕೊಂಡಿದ್ದರು. ಇದನ್ನು ಕೇಳಿದ ಪತ್ನಿ, "ನೋಡಿ ರೀ, ಕೂತಲ್ಲಿಗೇ ಎಲ್ಲ ಬರೋ ಹಾಗೆ ಮಾಡ್ಕೊಂಡಿದ್ದಾರೆ. ನಾನು ಶೌಚಾಲಯ ಎಲ್ಲಿ ಅಂತ ಕೇಳಿದ್ದಕ್ಕೆ ನೀವು ಆಗ ನಕ್ಕಿರಲ್ಲ" ಎಂದಳು. ನಾನು ಮಾತಾಡಲಿಲ್ಲ.

ಮಹಡಿಗೆ ನಾನೊಬ್ಬನೇ ಹೋದೆ. ಡಾರ್ವಿನ್ ಯುವಕರಾಗಿದ್ದಾಗ ಜಗತ್ತು ಸುತ್ತಿದ ಬೀಗಲ್ ಹಡಗಿನಲ್ಲಿ ಅವರಿದ್ದ ಕೋಣೆಯ ಪ್ರತಿರೂಪವನ್ನು ಅಲ್ಲಿ ಮಾಡಿಟ್ಟಿದ್ದಾರೆ. ಅಷ್ಟು ಇಕ್ಕಟ್ಟಿನಲ್ಲಿ ಸುಮಾರು ಐದು ವರ್ಷ ಕಳೆದವರು ಮುಂದೆ ಬ್ರಿಟನ್ನನ್ನೇ ಬಿಟ್ಟು ಕದಲದಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಕೆಳಗಿಳಿದಾಗ ಪತ್ನಿ ಚಹಾದ ಕೋಣೆಯಲ್ಲಿ ಮೇಜು ಹಿಡಿದು ಕಾಯುತ್ತಿದ್ದಳು. ಚಹಾ ಅವರ ರೀತಿಯದು, ಹಾಲು ಬೇರೆ. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ತೋಟದ ಮಾತೇ ಬೇರೆ. ಗಾಜಿನ ಮನೆಯಲ್ಲಿ ಕೀಟ ತಿನ್ನುವ ಗಿಡಗಳನ್ನು ಈಗಲೂ ಬೆಳೆಸುತ್ತಾರೆ. ಅದರಲ್ಲಿ ಡ್ರಾಸೆರಾದ ಕೆಂಪು ಎಲೆಗಳ ಮೇಲಿನ ಅಂಟುಹನಿಗಳನ್ನು ಕಂಡಾಗ, ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮಲೆನಾಡಿನ ಜಂಬಿಟ್ಟಿಗೆ ಬಯಲಿನಲ್ಲಿ ಮಕ್ಕಳನ್ನು ಬಗ್ಗಿಸಿ ಅದರದೇ ದಾಯಾದಿಗಳನ್ನು ತೋರಿಸುತ್ತಿದ್ದುದು ನೆನಪಾಯಿತು. ಹುಲ್ಲುಹಾಸಿನಲ್ಲಿ ಒಂದು ದುಂಡು ಕಲ್ಲಿದೆ. ಎರೆಹುಳುಗಳು ಅಡಿಯ ಮಣ್ಣನ್ನು ಮೇಲಕ್ಕೆ ತರುತ್ತಿದ್ದಂತೆ ಕಲ್ಲು ಎಷ್ಟು ಕುಸಿಯುತ್ತದೆಂದು ಅಳೆಯಲು ಡಾರ್ವಿನ್ನರ ಮಗ ಹೊರೇಸ್ ಮಾಡಿದ ಏರ್ಪಾಡಿನ ಗುರುತು ಅದು. ಒಂದು ಎಕರೆಯಲ್ಲಿ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದುಹೋಗುತ್ತದೆಂದು ಅಪ್ಪ 1881ರಲ್ಲಿ ಬರೆದಿದ್ದರು. ಎರೆಹುಳು ರೈತನ ಮಿತ್ರ ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ, ಆದರೆ ಈ ಲೆಕ್ಕವನ್ನು ಒಮ್ಮೆಯೂ ಮಕ್ಕಳಿಗೆ ಹೇಳಿರಲಿಲ್ಲ.

ಬಂದವರಿಗೆ ಇಲ್ಲಿರುವ ಅತ್ಯುತ್ತಮ ಸೌಲಭ್ಯ ಯಾವುದೆಂದು ಕೇಳಿದರೆ, ಡಾರ್ವಿನ್ ತಮಗಾಗಿ ಮಾಡಿಕೊಂಡ ಸ್ಯಾಂಡ್‌ವಾಕ್ ಎಂದೇ ಹೇಳುತ್ತೇನೆ. ನೆರೆಯ ಲಬಕ್ ಕುಟುಂಬದಿಂದ 1846ರಲ್ಲಿ ಗೇಣಿಗೆ ಪಡೆದ ಜಾಗದಲ್ಲಿ ಗಿಡಮರ ನೆಡಿಸಿ, ಸುತ್ತ ಮರಳು ಹಾಸಿದ ಕಾಲುದಾರಿ ಅದು. ಒಂದು ಪಕ್ಕ ಮರಗಳ ನೆರಳು, ಇನ್ನೊಂದು ಪಕ್ಕ ತೆರೆದ ಹೊಲ. ಅವರು ದಿನವೂ ಇಲ್ಲಿ ಸುತ್ತು ಹಾಕುತ್ತ ಯೋಚಿಸುತ್ತಿದ್ದರು. ಎಣಿಕೆ ತಪ್ಪದಿರಲೆಂದು ದಾರಿಯ ಬದಿ ಕಲ್ಲುಗಳನ್ನಿಟ್ಟು ಸುತ್ತಿಗೊಂದನ್ನು ಸರಿಸುತ್ತಿದ್ದರು. ಪತ್ನಿ ತೋಟದ ಬೆಂಚಿನ ಮೇಲೆ ಕುಳಿತಳು. ನಾನೂ ಮೂರು ಕಲ್ಲು ಆರಿಸಿ ಸಾಲಾಗಿ ಇಟ್ಟು ಹೊರಟೆ. ಎರಡು ಸುತ್ತು ಮುಗಿಸಿ ಎರಡನ್ನು ಸರಿಸುವಷ್ಟರಲ್ಲಿ, ಈ ಬಸ್ಸು ತಪ್ಪಿದರೆ ಇನ್ನೊಂದು ಗಂಟೆ ಕಾಯಬೇಕೆಂದು ಅವಳಿಂದ ಫೋನ್ ಬಂತು. ಮೂರನೆಯ ಕಲ್ಲನ್ನು ಅಲ್ಲೇ ಬಿಟ್ಟು ಬಂದೆ.