ಹದಿನೇಳು ಹುಣಸೆ ಬೀಜ

1995. ನಾನು ಎಂಟನೇ ತರಗತಿ. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮ ನಾಟಕದ ತರಗತಿ. ಮೂವತ್ತೆಂಟು ಮಕ್ಕಳು, ಎಲ್ಲರಿಗೂ ಹಸಿವು. ಇಬ್ಬರು ಮಾತು ಹೇಳುತ್ತಿದ್ದರೆ ಉಳಿದವರು ಕಟ್ಟಿಗೆ ಕತ್ತಿ ಹಿಡಿದು ಹೊಡೆದಾಡುತ್ತಿದ್ದೆವು. ಬೇರೆ ಪಿರಿಯಡ್ಡಿನಲ್ಲಾದರೆ ಇದಕ್ಕೆ ಛಡಿ ಏಟು. ನಮ್ಮ ನಾಟಕದ ಮಾಸ್ತರು ಛಡಿ ಮುಟ್ಟಿದವರಲ್ಲ. "ಹೆದರಿದ ಹುಡುಗನ ದನಿ ಗಂಟಲದಾಗ ಸಿಕ್ಕೊಂತೈತಿ, ಹಿಂದಿನ ಸಾಲಿಗೆ ಮುಟ್ಟೂದಿಲ್ಲ" ಅನ್ನುತ್ತಿದ್ದರು.

ಅವರ ಹತ್ತಿರ ಇದ್ದದ್ದು ಒಂದು ಉಪ್ಪಿನಕಾಯಿ ಬಾಟಲಿ, ಜೇಬಿನ ತುಂಬ ಹುಣಸೆ ಬೀಜ.

ನಮ್ಮ ಕಡೆ ಊರ ನಾಟಕಗಳಲ್ಲಿ ಆಯೇರಿ ಮಾಡೋದು ಗೊತ್ತಲ್ವಾ? ಪಾತ್ರ ಮೆಚ್ಚಿದವರು ರೊಕ್ಕ ಕೊಡುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಅಷ್ಟೊತ್ತು ನಾಟಕ ನಿಂತಿರುತ್ತದೆ, ಅದು ಬೇರೆ ಮಾತು. ಮಾಸ್ತರೂ ಅದೇ ಧಾಟಿಯಲ್ಲಿ ಕೂಗುತ್ತಿದ್ದರು: "ಪರದೆ ಹಿಂದ ಪಿಟಿಕ್ಕೆನ್ನದ ಕುಂತ ಸೈನಿಕರಿಗೆ ಒಂದು ಬೀಜ ಆಯೇರಿ!" ಟಕ್ ಅಂತ ಬಾಟಲಿಗೆ ಬೀಳುತ್ತಿತ್ತು. ಸುಮ್ನೆ "ಶಾಣ್ಯಾ" ಅಂದು ಬಿಡುತ್ತಿರಲಿಲ್ಲ. ಯಾವುದಕ್ಕೆ ಅನ್ನೋದನ್ನು ಪ್ರತಿ ಸಲ ಹೇಳುತ್ತಿದ್ದರು. ಒಮ್ಮೆ ಬಿದ್ದ ಬೀಜವನ್ನು ನಾವು ಎಷ್ಟೇ ಗದ್ದಲ ಹಾಕಿದರೂ ವಾಪಸ್ ತೆಗೆಯುತ್ತಿರಲಿಲ್ಲ. ಬಾಟಲಿ ಎಲ್ಲರದ್ದು. ತುಂಬಿದ ದಿನ ಗಿರ್ಮಿಟ್, ಬದನೆಕಾಯಿ ಬಜಿ. ಮೇಲೆ ಟ್ರಂಕಿನಿಂದ ಕಿರೀಟ, ಜರಿ ಅಂಗಿ ತೆಗೆದು ವೇಷ ಹಾಕಿಯೇ ತಾಲೀಮು.

ಗಿರ್ಮಿಟ್ ಆಸೆಗೆ ಸುಮ್ಮನಿದ್ದೆವಾ? ಮೊದಮೊದಲು ಹೌದು. ಆಮೇಲೆ ಆ ಕೂಗು ಕೇಳೋ ಆಸೆಯೇ ಜಾಸ್ತಿಯಾಯಿತು.

ಗದ್ದಲ ತೀರಾ ಹೆಚ್ಚಾದರೆ ಕಣ್ಣು ಮುಚ್ಚಿಸುತ್ತಿದ್ದರು. "ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಕಣ್ಣಿಲ್ಲ. ನಾಟಕ ಬರದಾರ, ಕಂಪನಿ ನಡೆಸ್ಯಾರ. ನೀವು ಕಿವಿಯರೆ ತೆರೀರಿ." ಬೆಟಗೇರಿ ಕಡೆಯ ಮಗ್ಗದ ಲಟಪಟ ಮೊದಲು ಕೇಳಿಸಿಕೊಂಡವರಿಗೆ ಒಂದು ಬೀಜ. ಅದನ್ನು ಕೇಳಬೇಕಾದರೆ ಮೂವತ್ತೆಂಟು ಬಾಯಿ ಮುಚ್ಚಬೇಕಿತ್ತು.

ಒಂದು ವಾರ ಬಾಟಲಿ ತುಂಬಲು ಎರಡು ಬೆರಳು ಬಾಕಿ ಇತ್ತು. ಅವ್ವ ಆಗಷ್ಟೇ ಹೊಸ ಹುಣಸೆ ಬಡಿದಿದ್ದಳು. ನಾನು ಒಂದು ಹಿಡಿ ಬೀಜ ತಂದು ಯಾರೂ ಇಲ್ಲದಾಗ ಸುರಿದೆ.

ಮಾಸ್ತರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಅವರ ಬೀಜಗಳು ವರ್ಷಗಟ್ಟಲೆ ಕೈಯಾಡಿ ಮಾಸಿದ್ದವು. ನನ್ನವು ಮಿರಮಿರ ಮಿಂಚುತ್ತಿದ್ದವು, ಒಂದಕ್ಕೆ ನಾರು ಕೂಡ ಅಂಟಿತ್ತು. ಮೇಲಿನವನ್ನು ಒಂದೊಂದಾಗಿ ಎಣಿಸಿ, ಮತ್ತೆ ಒಳಗೇ ಹಾಕಿ, ಕೂಗಿದರು:

"ಯಾರೋ ಪುಣ್ಯಾತ್ಮರು ಹದಿನೇಳು ಬೀಜ ಆಯೇರಿ ಮಾಡ್ಯಾರ. ಯಾತಕ್ಕ ಅನ್ನೂದು ಹೇಳಿಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಏನು ಮಾಡೋದು.

ಗಿರ್ಮಿಟ್ ಬಂತು. ನನಗೆ ಗಂಟಲಲ್ಲಿ ಇಳಿಯಲಿಲ್ಲ. "ಖಾರ ಐತ್ರಿ ಸರ್" ಅಂದೆ. ಮಾಸ್ತರು ಏನೂ ಕೇಳಲಿಲ್ಲ. ತಮ್ಮ ಪೊಟ್ಟಣದಲ್ಲಿನ ಹಸಿಮೆಣಸಿನಕಾಯಿ ಚೂರುಗಳನ್ನು ಒಂದೊಂದೇ ಆರಿಸಿ ತೆಗೆದು, ಆ ಪೊಟ್ಟಣವನ್ನು ನನ್ನ ಕಡೆ ಸರಿಸಿದರು.