ಹುಲ್ಲಿನಡಿಯ ಹೆಸರುಗಳು

"ಕಲ್ಲೆಲ್ಲ ಒಂದೇ ಮೂಲೇಲಿ ನಿಂತಿವೆಯಲ್ಲ ಅಂಕಲ್, ಹಾಗಾದ್ರೆ ಜನ ಎಲ್ಲಿದ್ದಾರೆ?"

ಸ್ಯಾನ್ ಡಿಯಾಗೋದ ಪಯೊನೀರ್ ಪಾರ್ಕಿನಲ್ಲಿ ಪಕ್ಕದ ಮನೆಯ ಹುಡುಗಿ ಮೊನ್ನೆ ಕೇಳಿದ್ದು ಇಷ್ಟೇ. ಜನ ಅವಳ ಕಾಲಡಿಯಲ್ಲೇ ಇದ್ದಾರೆ.

ಇದು 1870ರ ದಶಕದಲ್ಲಿ ಶುರುವಾದ ಕ್ಯಾಲ್ವರಿ ಎಂಬ ಕ್ಯಾಥೊಲಿಕ್ ಸ್ಮಶಾನ. ಕೊನೆಯ ಶವ ಹೂತದ್ದು 1960ರಲ್ಲಿ. ಪಾಳುಬಿದ್ದ ಸ್ಮಶಾನವನ್ನು ಸ್ಮಾರಕ ಉದ್ಯಾನ ಮಾಡಲು ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ದಾರಿಯಿತ್ತು. 1970ರಲ್ಲಿ ಸಮಾಧಿಗಳನ್ನು ಹಾಗೇ ಬಿಟ್ಟು ಕಲ್ಲುಗಳನ್ನು ಮಾತ್ರ ಕಿತ್ತು ಹುಲ್ಲು ಬೆಳೆಸಿದರು. ಕೆಲವು ಕಲ್ಲು ಮೂಲೆಯಲ್ಲಿ ಸಾಲಾಗಿ ನಿಂತವು, ಹೆಚ್ಚಿನವು ಮೌಂಟ್ ಹೋಪ್ ಸ್ಮಶಾನದ ಕಮರಿ ಸೇರಿದವು. ಹೆಸರುಗಳು ಆಮೇಲೆ ಫಲಕಕ್ಕೆ ಬಂದವು. ಆದರೆ ಯಾವ ಹೆಸರು ಯಾವ ಜಾಗದ್ದು ಎಂದು ಫಲಕ ಹೇಳುವುದಿಲ್ಲ. ಕಲ್ಲಿನ ಅರ್ಧ ಸಾಕ್ಷ್ಯ ಅದು ನಿಂತ ನೆಲದಲ್ಲೇ ಇರುತ್ತದೆ.

ಉಳಿದ ಕಲ್ಲುಗಳಾದರೂ ಬಾಳಬೇಕಲ್ಲ. ಹಳೆಯ ಅಮೃತಶಿಲೆಯನ್ನು ಮೊದಲು ಅಂಗೈಯಿಂದ ಮೆಲ್ಲಗೆ ಸವರಿ ನೋಡಬೇಕು. ಸಕ್ಕರೆಯಂತೆ ಹರಳು ಉದುರಿದರೆ, ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅಲ್ಲಿಗೇ ಕೈ ಬಿಡಿ. ಗಟ್ಟಿಯಿದ್ದರೆ, ಅದೂ ಅನುಮತಿ ಪಡೆದ ಮೇಲೆ, ಬರೀ ನೀರಲ್ಲಿ ಚೆನ್ನಾಗಿ ನೆನೆಸಿ. ಮೆತ್ತನೆಯ ನೈಲಾನ್ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ, ಆಗಾಗ ನೀರು ಸುರಿಯುತ್ತ ಹೋಗಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೀರು ಬೀಳುತ್ತದೆ. ಕಲ್ಲುಹೂವನ್ನು ಮರದ ಚಕ್ಕೆಯಲ್ಲೇ ಎಬ್ಬಿಸಬೇಕು. ತಂತಿ ಬ್ರಷ್, ಪ್ರೆಶರ್ ವಾಷರ್ ಹತ್ತಿರವೂ ತರಬಾರದು. ಬ್ಲೀಚ್ ಹಾಕಿದ ದಿನ ಕಲ್ಲು ಬೆಳ್ಳಗೆ ಹೊಳೆಯುತ್ತದೆ ನಿಜ, ಆದರೆ ಒಳಗೆ ಉಳಿದ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಆಸಿಡ್ಡಂತೂ ಅಮೃತಶಿಲೆಯನ್ನೇ ಕರಗಿಸುತ್ತದೆ. ಮುರಿದ ಕಲ್ಲನ್ನು ಸಿಮೆಂಟಿನಲ್ಲಿ ಕೂರಿಸುವುದೂ ತಪ್ಪು: ಸಿಮೆಂಟು ಕಲ್ಲಿಗಿಂತ ಗಡುಸು, ಒತ್ತಡ ಬಿದ್ದಾಗ ಸೀಳುವುದು ಕಲ್ಲೇ. ಸುಣ್ಣದ ಗಾರೆ ಮೃದು, ಕಲ್ಲಿನ ಜೊತೆ ಹೊಂದಿಕೊಳ್ಳುತ್ತದೆ.

ಸವೆದ ಅಕ್ಷರ ಓದಲು ಏನನ್ನೂ ಬಳಿಯಬೇಕಿಲ್ಲ. ಉದ್ದನೆಯ ಕನ್ನಡಿಯೊಂದರಿಂದ ಬಿಸಿಲನ್ನು ಕಲ್ಲಿನ ಬದಿಯಿಂದ ಓರೆಯಾಗಿ ಹಾಯಿಸಿದರೆ ಸಾಕು. ಪ್ರತಿ ಗೆರೆಯಲ್ಲೂ ನೆರಳು ಕೂತು, ಬೋಳಾಗಿ ಕಂಡ ಕಲ್ಲಿನಲ್ಲಿ ಹೆಸರೊಂದು ಎದ್ದು ಬರುತ್ತದೆ.

ನಮ್ಮೂರ ವೀರಗಲ್ಲುಗಳನ್ನೂ ಹೀಗೇ ಓದಬಹುದು, ರಾತ್ರಿ ಟಾರ್ಚ್ ಹಿಡಿದರೂ ಆಯಿತು. ಆದರೆ ಎಷ್ಟು ಕಡೆ ಭಕ್ತಿಯಿಂದಲೇ ಎನಾಮಲ್ ಪೇಂಟ್ ಬಳಿದು ಅಕ್ಷರ ಮುಚ್ಚಿದ್ದೇವೆ, ಎಷ್ಟನ್ನು ಬಟ್ಟೆ ಒಗೆಯಲು ಹಾಕಿಕೊಂಡಿದ್ದೇವೆ! ರಸ್ತೆ ಅಗಲ ಮಾಡುವಾಗ ಕಿತ್ತು ದೇವಸ್ಥಾನದ ಗೋಡೆಗೆ ಒರಗಿಸಿದ ಕಲ್ಲಿಗೂ ಈ ಪಾರ್ಕಿನ ಮೂಲೆಯ ಕಲ್ಲಿಗೂ ಏನೂ ವ್ಯತ್ಯಾಸವಿಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ ಹಾಗಾಗಲಿಲ್ಲ. 2018ರಲ್ಲಿ ಅಗೆತದ ವೇಳೆ ಸಿಕ್ಕ, ಕಿತ್ತಯ್ಯ ಎಂಬ ವೀರನ ಕಲ್ಲು ಸುಮಾರು 750ನೇ ಇಸವಿಯದು. ಅದು ಬೇರೆಲ್ಲೂ ಹೋಗದೆ ಅದೇ ಹೆಬ್ಬಾಳದಲ್ಲಿ ಮಂಟಪದೊಳಗೆ ನಿಂತಿದೆ. ಈ ಹುಡುಗಿ ರಜೆಗೆ ಬೆಂಗಳೂರಿಗೆ ಹೋದಾಗ ಅಲ್ಲೂ ಅದೇ ಪ್ರಶ್ನೆ ಕೇಳಿದರೆ, "ಈ ಊರಿಗಾಗಿಯೇ ಸತ್ತವನು, ಪುಟ್ಟಿ" ಎಂದು ನೆಲ ತೋರಿಸಿ ಹೇಳಬಹುದು.